ಅಳಿವೆಗೆ ಕಟ್ಟಿದ ತೇಲುಬೇಲಿ

2004ರ ಮೇ 28, ಬೆಳಿಗ್ಗೆ 6.20. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಯಾವುದೋ ಹಡಗಿನಿಂದ ಸೋರಿದ ಕಪ್ಪು ಎಣ್ಣೆ ತೇಲಿಬರುತ್ತಿತ್ತು. ಅದು ಒಳಗೆ ಬಂದರೆ ಅವ್ವ ಬಳಚು, ಅಂದರೆ ಚಿಪ್ಪುಮೀನು, ಆಯುವ ದಿಬ್ಬ ಹಾಳಾಗುತ್ತಿತ್ತು.

ಎಣ್ಣೆ ತಡೆಯುವ ಬೇಲಿಗೆಂದು ಮಾವ ಹಳೆಯ ಬಲೆಯ ಹಗ್ಗಕ್ಕೆ ತೆಂಗಿನ ಸಿಪ್ಪೆ ತುಂಬಿದ ಚೀಲಗಳನ್ನು ಸಾಲಾಗಿ ಕಟ್ಟಿದ. ಎಣಿಸಿದೆ, ನಲವತ್ತೊಂದು. ಕೆಳಗೆ ಟಾರ್ಪಾಲು ಇಳಿಬಿಟ್ಟು, ಅದರ ಅಂಚಿಗೆ ಬಲೆಯ ಸೀಸದ ಗುಂಡು ಪೋಣಿಸಿದೆವು. ಎರಡು ದೋಣಿಗಳ ನಡುವೆ ಅದನ್ನು ಹಿಡಿದಾಗ, ರೂಢಿಯಂತೆ, ಮೀನಿನ ಬಲೆಯ ಹಾಗೆ ಬಿಗಿಯಾಗಿ ಎಳೆದೆವು. ಅದೇ ತಪ್ಪಾಯಿತು. ಬಿಗಿದ ಬೇಲಿ ಅಲೆಯೊಂದಿಗೆ ಏಳಲಿಲ್ಲ. ಅಲೆ ಅದನ್ನು ಮುಳುಗಿಸಿತು, ಎಣ್ಣೆ ಮೇಲಿನಿಂದ ದಾಟಿತು. ಹಾಗೆ ಏಳು ಅಲೆ ದಾಟಿದವು.

ದಂಡೆಯಿಂದ ಅವ್ವ ಕೂಗಿದಳು: "ತಮ್ಮಾ, ಅದ್ರಲ್ಲಿ ಎಂತ ಮೀನು ಬೀಳ್ತದೆ ಅಂದ್ಕಂಡ್ಯಾ? ಹಗ್ಗ ಸಡ್ಲ ಬಿಡು."

"ಆತು ಅಕ್ಕ, ಬಿಟ್ಟೆ," ಎಂದ ಮಾವ.

ಸಡಿಲಾದ ಬೇಲಿ ಅಲೆಯ ಜೊತೆ ಏರಿ ಇಳಿಯತೊಡಗಿತು. ಎಣ್ಣೆ ಅದರ ಬಾಗಿದ ಹೊಟ್ಟೆಯಲ್ಲಿ ನಿಂತಿತು. ಆದರೆ ಮೊದಲ ಏಳು ಅಲೆಗಳ ಎಣ್ಣೆ ಒಳಗೆ ಹೋಗಿಯಾಗಿತ್ತು. ಮರುದಿನ ಆಯ್ದ ಬಳಚನ್ನು ಅವ್ವ ಮೂಸಿ ನೋಡಿ, ಬೇಯಿಸದೆ ನೀರಿಗೇ ಸುರಿದಳು. ಅಂಥ ದಿಬ್ಬದ ಬಳಚನ್ನು ಎಷ್ಟು ದಿನದ ಮೇಲೆ ತಿನ್ನಬಹುದೆಂದು ಇಂದಿಗೂ ನನಗೆ ಗೊತ್ತಿಲ್ಲ. ತಿಳಿದವರಿದ್ದರೆ ನನಗೊಂದು ಕಾಗದ ಬರೆಯಿರಿ.