ಹೆಪ್ಪು ತೀರಿದ ಸಂಜೆ

ಶಕುನ, ದೆವ್ವ, ಸತ್ತವರು ಬಂದು ಹೇಳಿದರು ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ವೈಟ್‌ಫೀಲ್ಡ್‌ನ ಔಷಧಿ ಲ್ಯಾಬೊಂದರಲ್ಲಿ ಕೆಲಸ ನನ್ನದು. ಮೂರು ಸಲ ಪರೀಕ್ಷಿಸದೆ ಯಾವುದಕ್ಕೂ ಸಹಿ ಹಾಕುವವಳಲ್ಲ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಗುವುದಾದರೆ ನಕ್ಕುಬಿಡಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮವ್ವ ರಾಣೆಬೆನ್ನೂರಿನಿಂದ ಹೂಡಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದದ್ದು ಒಂದು ಡಬ್ಬಿ ಹೆಪ್ಪು. ಅವಳ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ಹಾಲಿನಿಂದ ಹಾಲಿಗೆ ಸಾಗಿಬಂದ ಮೊಸರು ಅದು. ಪ್ಯಾಕೆಟ್ ಮೊಸರು ಹಾಕಿದರೂ ಹಾಲು ಹೆಪ್ಪುಗಟ್ಟುತ್ತದೆ, ಎಲ್ಲ ಬ್ಯಾಕ್ಟೀರಿಯಾ ಎಂದು ನಾನು ಪಾಠ ಮಾಡುತ್ತಿದ್ದೆ. ಅವ್ವ ಹೂಂಗುಟ್ಟಿ ತನ್ನದನ್ನೇ ಹಾಕುತ್ತಿದ್ದಳು.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆನ್ನುತ್ತಾರೆ. ವಿಭೂತಿ ಹಚ್ಚದೆ ನೀರೂ ಕುಡಿಯದ ಅವ್ವ ಈ ಶಾಸ್ತ್ರವನ್ನು ಮಾತ್ರ ಗಾಳಿಗೆ ತೂರಿದ್ದಳು. “ಹೆಪ್ಪು ಕೇಳಾಕ ಬಂದವ್ರನ್ನ ಬರಿಗೈಲೆ ಕಳಸಬಾರದವಾ” ಎನ್ನುತ್ತಿದ್ದಳು. ಯಾರ ಪಾತ್ರೆಯನ್ನೂ ಖಾಲಿ ಮರಳಿಸುತ್ತಿರಲಿಲ್ಲ. ಚಿಟಿಕೆ ಸಕ್ಕರೆಯಾದರೂ ಇರಬೇಕು. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದಾಗ, ಅಲ್ಲಿ ಗಾರೆ ಕೆಲಸಕ್ಕಿದ್ದ ಕೊಪ್ಪಳ ಕಡೆಯ ಶರಣಮ್ಮನಿಗೆ ಕಾಂಪೌಂಡ್ ಗೋಡೆಯ ಮೇಲಿಂದಲೇ ಹೆಪ್ಪು ದಾಟಿಸುತ್ತಿದ್ದಳು. ನನಗೋ, ಯಾರಾದರೂ ಬೆಲ್ ಮಾಡಿದರೆ ಬಾಗಿಲು ತೆರೆಯುವುದೇ ತಲೆನೋವು. ನನಗೆ ಅವ್ವನ ಮೂಗು ಬಂದಿದೆ, ಸಿಟ್ಟೂ ಬಂದಿದೆ, ಕೊಡುವ ಕೈ ಮಾತ್ರ ಬಂದಿಲ್ಲ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಕಟ್ಟಡ ಮುಗಿದು ಶರಣಮ್ಮ ಅತ್ತಿಬೆಲೆಯ ಕಡೆ ಹೋದಳು. ಕೆಲವು ತಿಂಗಳಿಗೆ ಅವ್ವನೂ ಹೋಗಿಬಿಟ್ಟಳು. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಹೆಪ್ಪು ಉಳಿಯಿತು. ದಿನಾ ಹಾಲಿಗೆ ಒಂದು ಚಮಚ ಹಾಕುವಾಗ ಅವ್ವ ಪೂರ್ತಿ ಹೋಗಿಲ್ಲ ಎನಿಸುತ್ತಿತ್ತು. ಬ್ಯಾಕ್ಟೀರಿಯಾ ಪಾಠ ಹೇಳಿದವಳ ಗತಿ ನೋಡಿ.

ಅವಳು ಹೋಗಿ ಒಂಬತ್ತು ತಿಂಗಳಾಗಿತ್ತು. ಒಂದು ಶನಿವಾರ ಸಂಜೆ ಹೇಳದೆ ಕೇಳದೆ ನೆಂಟರು ಬಂದರು. ಎಲ್ಲರಿಗೂ ಮಜ್ಜಿಗೆ ಮಾಡಿಕೊಟ್ಟೆ. ಅವರನ್ನು ಕಳಿಸಿ, ಪಾತ್ರೆಗಳನ್ನೆಲ್ಲ ತೊಳೆದು, ಹಾಲು ಕಾಯಿಸಿ ಫ್ರಿಜ್ ತೆರೆದರೆ ಹೆಪ್ಪಿಲ್ಲ. ಒಂದು ಚಮಚ ತೆಗೆದಿಡುವುದನ್ನು ಮರೆತು ಇದ್ದ ಮೊಸರನ್ನೆಲ್ಲ ಕಡೆದುಬಿಟ್ಟಿದ್ದೆ. ಅವ್ವ ಹೋದ ದಿನಕ್ಕಿಂತ ಹೆಚ್ಚು ಅತ್ತೆ. ಪ್ಯಾಕೆಟ್ ತರುತ್ತೇನೆಂದ ಗಂಡ, ಪಾಪ, ಸುಮ್ಮನೆ ಬೈಸಿಕೊಂಡರು. ನಮ್ಮಿಬ್ಬರ ಹೊರತು ಇದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಹತ್ತು ಗಂಟೆಯ ಸುಮಾರಿಗೆ ಬೆಲ್ ಆಯಿತು. ಬಾಗಿಲಲ್ಲಿ ಶರಣಮ್ಮ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ಮೇಲೆ ಅವ್ವನ ಹೆಸರು ಕೆತ್ತಿಸಿತ್ತು. ಎಲ್ಲಿ ಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ್ದ ಡಬ್ಬಿ.

“ತಗೋರಿ ಅಕ್ಕಾರ, ಹೆಪ್ಪು. ನಾ ಇಲ್ಲಿಂದ ಹೋಗೋಮುಂದ ಅವ್ವಾರು ಈ ಡಬ್ಬ್ಯಾಗ ಕೊಟ್ಟಿದ್ದು, ಇನ್ನೂ ನಡಸ್ಕೊಂಡು ಬಂದೇನಿ” ಎಂದಳು. “ನಿನ್ನಿ ಸಂಜಿಮುಂದ ಅವ್ವಾರು ನಮ್ಮ ಶೆಡ್ ಕಡಿ ಬಂದಿದ್ರು. ಮಗಳ ಮನ್ಯಾಗ ಹೆಪ್ಪು ತೀರೈತಿ, ಮುಂಜಾನೆ ಒಯ್ದು ಕೊಡು ಅಂದ್ರು. ಕುಂದ್ರಿ ಅಂದ್ರೂ ಕುಂದರಲಿಲ್ಲ.”

ಲ್ಯಾಬಿನ ಬುದ್ಧಿ ಎಲ್ಲಿ ಹೋಗುತ್ತದೆ? ಒಳಗೆ ಕರೆದು ಒಂದೊಂದಾಗಿ ಕೇಳಿದೆ. ಕೈಯೆಲ್ಲ ಸಿಮೆಂಟಾಗಿತ್ತು, ಕತ್ತಲಾಗುತ್ತಿತ್ತು, ಮುಖವನ್ನು ದಿಟ್ಟಿಸಿ ನೋಡಲಿಲ್ಲವಂತೆ. ಆದರೆ ಅವ್ವಾರ ದನಿ ತನಗೆ ಗೊತ್ತಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದಳು. ನಮ್ಮ ಫೋನ್ ನಂಬರ್ ಅವಳ ಬಳಿ ಇರಲಿಲ್ಲ. ನೀರು ತರಲು ಎದ್ದೆ. ಬರುವಷ್ಟರಲ್ಲಿ ಅವಳು ಗೋಡೆಯ ಫೋಟೊ ನೋಡಿದ್ದಳು, ಅದಕ್ಕೆ ಹಾಕಿದ್ದ ಹಾರವನ್ನೂ.

“ಯಾವಾಗ್ರಿ ಅಕ್ಕಾರ?”

ಹೇಳಿದೆ. ಸೆರಗನ್ನು ಬಾಯಿಗೊತ್ತಿಕೊಂಡು ನೆಲಕ್ಕೆ ಕುಸಿದಳು. ಅದು ನಾಟಕವಲ್ಲ, ಅಷ್ಟನ್ನು ಮಾತ್ರ ನಾನು ಸಹಿ ಹಾಕಿ ಹೇಳಬಲ್ಲೆ. ನಾನೂ ಪಕ್ಕದಲ್ಲಿ ಕುಳಿತೆ. ಇಬ್ಬರೂ ಬಹಳ ಹೊತ್ತು ಅತ್ತೆವು.

ಮೊಸರನ್ನು ನಮ್ಮ ಪಾತ್ರೆಗೆ ಹಾಕಿಕೊಂಡೆ. ಡಬ್ಬಿ ಅವ್ವಾರದು, ಇಟ್ಟುಕೊಳ್ಳಿ ಎಂದಳು ಶರಣಮ್ಮ. ಆಸೆ ನನಗೂ ಇತ್ತು, ಅವ್ವನ ಹೆಸರಿನ ಮೇಲೆ ಬೆರಳಾಡಿಸುತ್ತಲೇ ಇದ್ದೆ. ಆದರೂ ತೊಳೆದು, ಒರೆಸಿ, ತುಂಬ ಸಕ್ಕರೆ ಹಾಕಿ ಅವಳ ಕೈಗೇ ಕೊಟ್ಟೆ.

“ಅವ್ವ ಕೊಟ್ಟಿದ್ದು ನಿನ್ನ ಹತ್ರನ ಇರಲಿ. ಮತ್ತೊಮ್ಮೆ ನನ್ನ ಹೆಪ್ಪು ತೀರಿದ್ರ ಯಾರು ತರ್ತಾರ?” ಎಂದೆ.

ಇದಾಗಿ ನಾಲ್ಕು ವರ್ಷವಾಯಿತು. ಆ ಸಂಜೆ ಅತ್ತಿಬೆಲೆಯಲ್ಲಿ ಬಂದು ನಿಂತವರು ಯಾರು, ನನಗಿನ್ನೂ ಗೊತ್ತಿಲ್ಲ. ಈಗ ಯಾರು ಯಾವ ಹೊತ್ತಿನಲ್ಲಿ ಬೆಲ್ ಮಾಡಿದರೂ ತೆರೆಯುತ್ತೇನೆ, ಕೇಳಿದವರಿಗೆ ಹೆಪ್ಪು ಕೊಡುತ್ತೇನೆ. ಒಂದು ಚಮಚ ತೆಗೆದಿಡುವುದನ್ನು ಎಂದೂ ಮರೆತಿಲ್ಲ. ಒಮ್ಮೊಮ್ಮೆ ಸಂಜೆ, ಪಾತ್ರೆ ಕೈಯಲ್ಲಿ ಹಿಡಿದಾಗ, ಬೇಕೆಂದೇ ಎಲ್ಲವನ್ನೂ ಮುಗಿಸಿಬಿಡಲೇ ಎನಿಸುತ್ತದೆ. ಅವ್ವ ಮತ್ತೆ ಬರುತ್ತಾಳೇನೋ ನೋಡೋಣ ಎಂದು. ಬರದಿದ್ದರೆ ಎಂಬ ಹೆದರಿಕೆಗೆ ಒಂದು ಚಮಚ ತೆಗೆದಿಡುತ್ತೇನೆ.