ಅರಿಶಿನ ಹಚ್ಚಿದ ಅರ್ಜಿ

ನೌಕರಿಯ ಅರ್ಜಿಗೆ ಜೋಡಿಸುವ ಪತ್ರದ ಮಾತೆತ್ತಿದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ರಾಯಚೂರಿನ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿತ್ತು. ಅದು ಸಿಗದಿದ್ದರೆ ಮದುವೆಯೇ ಎಂದು ಅವ್ವ ಹೇಳಿಬಿಟ್ಟಿದ್ದಳು. ನಾನೇ ಕೂತು ಪತ್ರ ಬರೆದೆ: ಬಿ.ಕಾಂ. ಮುಗಿಸಿದ್ದೇನೆ, ಟ್ಯಾಲಿ ಬರುತ್ತದೆ, ಅಪ್ಪನ ಜೊತೆ ಸಿರವಾರಕ್ಕೆ ಭತ್ತ ಒಯ್ದು ವ್ಯಾಪಾರ ನೋಡಿದ್ದೇನೆ, ತಪ್ಪು ಕಂಡರೆ ಸುಮ್ಮನಿರುವವಳಲ್ಲ.

ಮಾನ್ವಿಯ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರಿನವನು ಅದನ್ನು ಟೈಪ್ ಮಾಡಿ ಮೂಗು ಮುರಿದ.

"ಅಕ್ಕಾರ, ಹಿಂಗ ಸೊಕ್ಕಿಲೆ ಬರದ್ರ ಯಾರ್ ಕೆಲಸ ಕೊಡ್ತಾರ್ರೀ? ನಾ ಸ್ವಲ್ಪ ಜೋಡಸ್ತೀನಿ."

"ಒಂದಕ್ಷರಾನೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಅಂಕಪಟ್ಟಿಯ ಜೆರಾಕ್ಸ್ ಮಾಡಿಸಲು ಮೂಲೆಯ ಯಂತ್ರದ ಕಡೆ ಹೋದೆ. ಬರುವಷ್ಟರಲ್ಲಿ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿಟ್ಟಿದ್ದ.

ಮನೆಯಲ್ಲಿ ಅವ್ವ ಅದರ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟಳು. "ಇನ್ನ ನೀ ಒಡೀಬ್ಯಾಡ, ಅವರ ಕೈಲೇ ಒಡೀಲಿ," ಎಂದಳು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪನೂ ನನ್ನ ಜೊತೆ ರಾಯಚೂರಿಗೆ ಬಂದ. ಮಿಲ್ಲಿನ ಸಾವ್ಕಾರ ಲಕೋಟೆ ಒಡೆದು ಗಟ್ಟಿಯಾಗಿ ಓದಿದ: "ತಂದೆಯನ್ನು ಕಳೆದುಕೊಂಡ ನತದೃಷ್ಟಳಾದ ನಾನು, ತಮ್ಮ ಪಾದಗಳೇ ಗತಿಯೆಂದು ನಂಬಿ..." ಓದುತ್ತಾ ಅಪ್ಪನ ಕಡೆ ನೋಡಿದ. "ಮತ್ತ ಇವರ್ಯಾರವ್ವಾ?"

ಥೂ, ಆ ಸೆಂಟರಿನವನ! ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ಕೈಮುಗಿದ.

"ನಾ ಇಕಿ ಕಾಕಾರೀ, ಸಾವ್ಕಾರ್ರ."

"ಪಾಪ, ಅಪ್ಪಿಲ್ಲದ ಕೂಸು. ಸೋಮವಾರದಿಂದ ಬಾ," ಎಂದ ಸಾವ್ಕಾರ.

ಅಪ್ಪನ ಮುಖ ಅರಳಿತು. ಅದನ್ನು ನೋಡಿದವಳೇ ಎದ್ದು ನಿಂತೆ. "ಕಾಕಾ ಅಲ್ರೀ, ನಮ್ಮಪ್ಪ. ಆ ಸಾಲು ನಾ ಬರದಿದ್ದಲ್ಲ," ಎಂದೆ.

ಸಾವ್ಕಾರ ಪತ್ರವನ್ನು ಎರಡು ಬೆರಳಲ್ಲಿ ನನ್ನತ್ತ ತಳ್ಳಿದ. "ಸುಳ್ಳ ಹೇಳೋರ ಕೈಯಾಗ ಲೆಕ್ಕ ಕೊಡಾಕ ಆಗಂಗಿಲ್ಲವ್ವ."

ಬಸ್ಸಿನಲ್ಲಿ ಅಪ್ಪ, "ಕೈಗೆ ಬಂದಿದ್ದು ಬಿಟ್ಟಿಯಲ್ಲ. ಸತ್ತಾನಂತ ಬರದ್ರ ನಾ ಏನ್ ಖರೇನ ಸಾಯ್ತಿದ್ನೇನವ್ವಾ?" ಎಂದ.

ಮಾನ್ವಿಯಲ್ಲಿ ಇಳಿದವಳೇ ಸೆಂಟರಿಗೆ ನುಗ್ಗಿದೆ. ಅಲ್ಲಿ ದೇವದುರ್ಗದ ಕಡೆಯ ಹುಡುಗಿಯೊಬ್ಬಳು ಜೆರಾಕ್ಸ್ ಯಂತ್ರದ ಹತ್ತಿರ ನಿಂತಿದ್ದಳು. ಪರದೆಯ ಮೇಲೆ ಅದೇ 'ತಂದೆಯನ್ನು ಕಳೆದುಕೊಂಡ' ಸಾಲು, ಹೆಸರು ಮಾತ್ರ ಬೇರೆ. ಅವಳಪ್ಪ ಮಗಳ ಫೋಟೋಗಳನ್ನು ಜೋಪಾನವಾಗಿ ಹಿಡಿದುಕೊಂಡು ಟೈಪ್ ಮಾಡುವವನ ಬೆನ್ನಿಗೇ ನಿಂತು, ಪರದೆ ನೋಡುತ್ತಾ ಸಂತೋಷದಿಂದ ತಲೆಯಾಡಿಸುತ್ತಿದ್ದ.

"ಕಾಕಾ, ಓದಾಕ ಬರ್ತದೇನ್ರಿ?" ಎಂದೆ.

"ಇಲ್ಲವ್ವಾ. ಯಾಕ?"

"ನಿಮ್ಮನ್ನ ಸಾಯಿಸ್ಯಾನ ಅದ್ರಾಗ."