ಮಂಡಿ ಬಿಟ್ಟವನ ಚೀಲಗಳು

ತಿಪಟೂರಿನಲ್ಲಿ ರೈತನೊಬ್ಬ ಒಂದು ಕೊಬ್ಬರಿ ಮಂಡಿ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಮೊದಲು ಹಳೆಯ ಸಾಹುಕಾರನಿಗೆ ಹೇಳಿ ಹೋಗಬೇಕು. ಹೇಳದೆ ಹೋಗುವುದು ಮರ್ಯಾದೆಯಲ್ಲ. ಸಾಹುಕಾರ ಮುಖ ಗಂಟು ಹಾಕಿಕೊಳ್ಳಬಹುದು, ಕಾಫಿ ತರಿಸದೆ ಇರಬಹುದು. ಆದರೆ ಅಲ್ಲಿ ಬಿದ್ದಿರುವ ಚೀಲಗಳನ್ನು ಮುಟ್ಟುವುದಿಲ್ಲ. ನಾಳೆಯೋ ನಾಡಿದ್ದೋ ಗಾಡಿ ತಂದು ಹೇರಿಕೊಂಡು ಹೋದರಾಯಿತು. ನಾನು ಮಂಡಿಯಲ್ಲಿ ಚೀಲ ಹೊಲಿದು ಬೆಳೆದವನು. ಲೋಕವೆಲ್ಲ ಹೀಗೇ ಎಂದುಕೊಂಡಿದ್ದೆ.

ಎಸ್ಸೆಸ್ಸೆಲ್ಸಿಯನ್ನು ನಾನು ಪಾಸು ಮಾಡಿದ್ದು ಮದುವೆಯಾದ ಮೇಲೆ. ಆಮೇಲೆ ಸಂಜೆ ಹೊತ್ತು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದೆ. ಕೊನೆಯಲ್ಲಿ ಒಂದು ಪ್ರಾಜೆಕ್ಟ್ ಮಾಡಿ ತುಮಕೂರಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕಿತ್ತು. ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ನಾನು ಮಂಡಿಯದೇ ಪ್ರೋಗ್ರಾಂ ಬರೆದೆ. ಯಾವ ರೈತನ ಚೀಲ ಯಾವತ್ತು ಬಂತು, ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ಹೇಳುವಂಥದ್ದು. ಎರಡೇ ಬೆರಳಿನಲ್ಲಿ ಕುಟ್ಟುವವನಿಗೆ ಅದು ಇಡೀ ಮಳೆಗಾಲದ ಕೆಲಸವಾಯಿತು. ಬಸ್ ಸ್ಟ್ಯಾಂಡ್ ಹಿಂದಿನ ಬ್ರೌಸಿಂಗ್ ಸೆಂಟರಿನವನು ವೈರಸ್ಸಿಗೆ ಹೆದರಿ ಫ್ಲಾಪಿ ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ಪುಕ್ಕಟೆ ಜಾಗ ಕೊಡುವ ಒಂದು ವೆಬ್‌ಸೈಟಿನಲ್ಲಿ ಅಕೌಂಟ್ ತೆರೆದು ಬರೆದ ಪುಟಗಳನ್ನೆಲ್ಲ ಅಲ್ಲೇ ಇಡುತ್ತಿದ್ದೆ.

ಅಕೌಂಟಿಗೆ ಮನೆಯಲ್ಲಿ ಕರೆಯುವ ಹೆಸರು ಕೊಟ್ಟಿದ್ದೆ. ನನಗಿಂತ ಚಿಕ್ಕವರಾದ ನಮ್ಮ ಮೇಷ್ಟ್ರು ನೋಡಿ ನಕ್ಕರು. "ಪರೀಕ್ಷಕರ ಮುಂದೆ ಇದೇನ್ರೀ ಹೆಸ್ರು? ಸರ್ಟಿಫಿಕೇಟಲ್ಲಿರೋ ಹೆಸ್ರಲ್ಲಿ ಬ್ಯಾರೆ ಅಕೌಂಟ್ ಮಾಡ್ಕಳ್ರೀ."

ಸರಿ, ಹೊಸದಕ್ಕೆ ಹೋಗುವ ಮೊದಲು ಹಳೆಯವರಿಗೆ ಹೇಳಬೇಕಲ್ಲ. ಸೆಂಟರಿನಲ್ಲಿ ನಾನು ಯಾವಾಗಲೂ ಕೂರುತ್ತಿದ್ದ ಮೂಲೆಯ ಕಂಪ್ಯೂಟರ್ ಅಂದು ಕೆಟ್ಟಿತ್ತು. ಬಾಗಿಲ ಪಕ್ಕದ್ದರಲ್ಲಿ ಕೂತು, ಬಾಕಿಯಿದ್ದ ಕೊನೆಯ ಪುಟವನ್ನು, ಅಂದರೆ ಮಂಡಿ ಬಿಟ್ಟ ರೈತನ ಹೆಸರು ತೆಗೆಯುವುದನ್ನು, ಕೋರ್ಸಿನ ಪುಸ್ತಕ ನೋಡಿಕೊಂಡು ಅದರಲ್ಲಿದ್ದಂತೆಯೇ ಬರೆದು ಮುಗಿಸಿದೆ. ಆಮೇಲೆ ಹಳೆಯ ಅಕೌಂಟ್ ಮುಚ್ಚುವ ಗುಂಡಿ ಒತ್ತಿದೆ. ಸಣ್ಣಕ್ಷರದ ಇಂಗ್ಲಿಷಿನಲ್ಲಿ ಏನೋ ಕೇಳಿತು. ಹೌದು ಎಂದೆ. ಹೊಸದನ್ನು ತೆರೆದು, ಮಾಲು ಹೇರಿಕೊಳ್ಳಲು ತಿರುಗಿ ಹೋದರೆ ಅಂಥ ಜಾಗವೇ ಇಲ್ಲವಂತೆ!

"ಓಕೆ ಒತ್ತಿದ್ದು ನೀನೇ ತಾನೆ ಅಣ್ಣಾ?" ಅಂದ ಸೆಂಟರಿನವನು.

"ಹೋಯ್ತೀನಿ ಅಂದೆ ಕಣ್ಲಾ. ನನ್ ಮಾಲು ಸುಟ್ಟಾಕು ಅಂದ್ನಾ?"

"ಕಾಯ್ಕಂಡು ಕೂರಕ್ಕೆ ಅವ್ರೇನ್ ನಿಮ್ ಸಾವ್ಕಾರ್ರಾ? ಅಮೆರಿಕ್ದಲ್ಲವ್ರೆ."

"ಅಮೆರಿಕ್ದಲ್ಲಿ ನಿಯತ್ತು ಬ್ಯಾಡ್ವೇನ್ಲಾ?"

ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಕಂಪನಿಗೆ ಮೇಲ್ ಬರೆದೆ. ಕಳಿಸಿ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂತು. ಓದಿದವರು ಯಾರೂ ಇಲ್ಲ, ಮೆಷಿನ್ನೇ ಕಳಿಸಿದ್ದು. ನಾನು ಅವರ ಅಮೂಲ್ಯ ಗ್ರಾಹಕನಂತೆ. ನನ್ನ ಕೋರಿಕೆಯಂತೆ ಎಲ್ಲವನ್ನೂ ಅಳಿಸಿದ್ದಾರಂತೆ. ನನ್ನ ಕೋರಿಕೆ! ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪರೀಕ್ಷೆ ಆ ವಾರವೇ ಇತ್ತು. ಮತ್ತೆ ಮೊದಲಿನಿಂದ ಬರೆಯುವುದು ನನ್ನ ಬೆರಳಿಗೆ ಸಾಧ್ಯವಿರಲಿಲ್ಲ. ಆದರೂ ಸೆಂಟರಿಗೆ ಹೋದೆ. ಫೋನ್ ಲೈನ್ ಸತ್ತಿತ್ತು.

"ನೆಟ್ ಇಲ್ಲ ಕಣಣ್ಣಾ. ಮೂಲೇದು ಸರಿಯಾಗೈತೆ, ಆದ್ರೆ ಮೆಕ್ಯಾನಿಕ್ ಬತ್ತಾವ್ನೆ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ತಾನೆ."

"ಬರಾಗಂಟ ಕೂತಿರ್ತೀನಿ ಬುಡು."

ಕೂತು, ಸಿಟ್ಟಿಗೆ, ಆ ಹಳೆಯ ವಿಳಾಸವನ್ನೇ ಒಂದೊಂದಕ್ಷರ ಕುಟ್ಟಿದೆ. ನೆಟ್ ಇಲ್ಲ, ಇಲ್ಲಿರುವುದನ್ನೇ ತೋರಿಸಲೇ ಎಂದು ಕೇಳಿತು. ತೋರಿಸು ಎಂದೆ. ನನ್ನ ಪುಟ ತೆರೆಯಿತು! ಶೆಟ್ಟಿಕೆರೆಯವರ ಚೀಲ ಬಲಗೋಡೆಗೆ, ಹಾಲ್ಕುರಿಕೆಯವರದು ತಕ್ಕಡಿ ಪಕ್ಕಕ್ಕೆ. ನಾನು ಪುಟ ತೆರೆದು ನೋಡಿದಾಗಲೆಲ್ಲ ಆ ಕಂಪ್ಯೂಟರ್ ತನ್ನೊಳಗೆ ಒಂದು ನಕಲು ಇಟ್ಟುಕೊಂಡಿತ್ತು. ಅಷ್ಟು ದೊಡ್ಡ ಕಂಪನಿಗೆ ಇಲ್ಲದ ನಿಯತ್ತು ಆ ಕೆಟ್ಟು ಕೂತಿದ್ದ ಡಬ್ಬಕ್ಕಿತ್ತು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. "ಮುಟ್ಬ್ಯಾಡ ಕಣಪ್ಪಾ, ನಿನ್ ಕಾಲಿಗ್ ಬೀಳ್ತೀನಿ," ಎಂದು ಕುರ್ಚಿ ಬಿಟ್ಟು ಏಳಲೇ ಇಲ್ಲ. ಪುಟಗಳ ಹಿಂದಿನ ಕೋಡನ್ನು ಒಂದೊಂದಾಗಿ ನಕಲು ಮಾಡಿಟ್ಟು, ಲೈನ್ ಬಂದ ಮೇಲೆ ಹೊಸ ಅಕೌಂಟಿಗೆ ಹಾಕಿದೆ. ಸಿಗದೆ ಹೋದದ್ದು ಕೊನೆಯ ಪುಟ ಮಾತ್ರ. ಅದನ್ನು ಬರೆದಿದ್ದ ಬಾಗಿಲ ಪಕ್ಕದ ಕಂಪ್ಯೂಟರಿಗೆ ಗಿರಾಕಿ ಹೆಚ್ಚು, ಅದರೊಳಗಿನ ನಕಲುಗಳನ್ನೆಲ್ಲ ಸೆಂಟರಿನವನು ದಿನಾ ಗುಡಿಸಿ ಚೊಕ್ಕ ಮಾಡುತ್ತಿದ್ದ. ಮತ್ತೆ ಬರೆದೆ. ಈ ಸಲ ಪುಸ್ತಕ ತೆರೆಯಲಿಲ್ಲ.

ಪರೀಕ್ಷಕರು ಎಲ್ಲ ನೋಡಿ, ಕೊನೆಗೆ ಒಬ್ಬ ರೈತನನ್ನು ತೆಗೆದುಹಾಕಿದರು. ಪಟ್ಟಿಯಿಂದ ಹೆಸರು ಹೋಯಿತು. ಚೀಲಗಳು ಅವನ ಗುರುತಿನ ಸಮೇತ ಮೂಲೆಯಲ್ಲೇ ಇದ್ದವು.

"ಏನ್ರೀ, ಡಿಲೀಟ್ ಮಾಡಿದ್ರೂ ಇದು ಹಾಗೇ ಇದೆ? ತಪ್ಪಲ್ವಾ?"

"ಇಲ್ಲ ಸಾರ್. ಆತ ಮಂಡಿ ಬಿಟ್ಟವ್ನೆ, ಚೀಲ ಬಿಟ್ಟಿಲ್ಲ. ಗಾಡಿ ತರಾಗಂಟ ಇರ್ಬೇಕು."

"ಪುಸ್ತಕದ ಪ್ರಕಾರ ತಪ್ಪು," ಎಂದು ಮಾರ್ಕು ಕಡಿದರು. ಪಾಸೇನೋ ಆದೆ. ಹೊರಗೆ ಬಂದಾಗ ಮೇಷ್ಟ್ರು, "ಸರಿ ಮಾಡ್ತೀನಿ ಸಾರ್ ಅಂದಿದ್ರೆ ನಿಮ್ ಗಂಟೇನ್ ಹೋಗ್ತಿತ್ರೀ?" ಎಂದು ಗೊಣಗಿದರು.

ಸರಿಯಾಗಿದ್ದದ್ದನ್ನು ಏನೆಂದು ಸರಿ ಮಾಡಲಿ?